ನಲವತ್ತೊಂದು, ಇಪ್ಪತ್ತಾರು, ಹನ್ನೊಂದು

ಆ ನಕ್ಷತ್ರವನ್ನು ಮೊದಲು ಕಂಡವಳು ನಾನು, ಡಾಕ್ಟರ್ ಮೃತ್ಯುಂಜಯ ಅಲ್ಲ. ಪುಸ್ತಕಗಳಲ್ಲಿ ಅವರ ಹೆಸರಿದೆ, ಇದ್ದುಕೊಳ್ಳಲಿ. ಅದಕ್ಕೆ ನಾನು ಏನು ಮಾಡಬೇಕಿತ್ತೋ ಮಾಡಿದ್ದೇನೆ. ಇಪ್ಪತ್ತೆರಡು ವರ್ಷ, ದಿನಾ ಬೆಳಿಗ್ಗೆ ಅವರಿಗೆ ಬಿಸಿಬಿಸಿ ಕಾಫಿ ಕೊಡುತ್ತಲೇ ಮಾಡಿದ್ದೇನೆ. ನನ್ನನ್ನು ಒಳ್ಳೆಯವಳು ಅಂದುಕೊಂಡು ಓದಲು ಕೂತವರು ಈಗಲೇ ಎದ್ದು ಹೋಗಬಹುದು.

ನನ್ನ ಹೆಸರು ಸರ್ವಮಂಗಳ. ಬಿಎಸ್ಸಿ ಮುಗಿಸಿ 1981ರಲ್ಲಿ ಬೋಳುಬೆಟ್ಟದ ವೀಕ್ಷಣಾಲಯಕ್ಕೆ ಅಳತೆಗಾರ್ತಿಯಾಗಿ ಸೇರಿದೆ. ಆಂಧ್ರದ ಗಡಿಗೆ ಅಂಟಿಕೊಂಡ ಬೆಟ್ಟ ಅದು. ಮಳೆ ಅಪರೂಪ, ಮೋಡವೂ ಅಪರೂಪ. ಆಗ ಆಕಾಶದ ಚಿತ್ರ ತೆಗೆಯುತ್ತಿದ್ದದ್ದು ಗಾಜಿನ ಪ್ಲೇಟುಗಳ ಮೇಲೆ. ಗಾಜಿನ ಮೇಲೆ ಸಾಸಿವೆ ಚೆಲ್ಲಿದ ಹಾಗೆ ಕಪ್ಪು ಚುಕ್ಕೆಗಳು, ಒಂದೊಂದು ಚುಕ್ಕೆ ಒಂದೊಂದು ನಕ್ಷತ್ರ. ವಿಜ್ಞಾನಿಗಳು ರಾತ್ರಿಯೆಲ್ಲ ಪ್ಲೇಟು ತೆಗೆದು ಹಗಲು ಮಲಗುತ್ತಿದ್ದರು. ಹಗಲಿನಲ್ಲಿ ನಾವು ಮೂವರು ಹೆಂಗಸರು ಅವನ್ನು ಅಳೆಯುತ್ತಿದ್ದೆವು.

ನಮ್ಮಲ್ಲೊಂದು ಪದ್ಧತಿ ಇತ್ತು. ಪ್ಲೇಟಿನಲ್ಲಿ ಏನಾದರೂ ವಿಶೇಷ ಕಂಡರೆ ಗಾಜಿನ ಹಿಂಬದಿಗೆ ಶಾಯಿಯಲ್ಲಿ ಒಂದು ಪುಟ್ಟ ಬಾಣ ಎಳೆಯಬೇಕು. ಒಬ್ಬೊಬ್ಬರಿಗೆ ಒಂದೊಂದು ಬಣ್ಣ. ನನ್ನದು ಹಸಿರು. ಯಾವ ಬಣ್ಣದ ಬಾಣವೋ ಆ ಬಣ್ಣದವಳೇ ಕಂಡುಹಿಡಿದದ್ದು, ಅದರಲ್ಲಿ ಎರಡು ಮಾತಿಲ್ಲ. ನಿರ್ದೇಶಕರು ಕೂಡ ಆ ಬಾಣದ ಮೇಲೆ ಕೈ ಇಡುವಂತಿರಲಿಲ್ಲ.

ನಮ್ಮ ಕೋಣೆಯಲ್ಲೊಂದು ಮಿಟುಕು ಯಂತ್ರ ಇತ್ತು. ಆಕಾಶದ ಒಂದೇ ಭಾಗವನ್ನು ಹತ್ತು ಹನ್ನೊಂದು ವರ್ಷ ಬಿಟ್ಟು ತೆಗೆದ ಎರಡು ಪ್ಲೇಟುಗಳನ್ನು ಅದರಲ್ಲಿ ಇಟ್ಟರೆ, ಅದು ಒಂದಾದ ಮೇಲೊಂದನ್ನು ಟಕಟಕ ಅಂತ ಕಣ್ಣಿಗೆ ತೋರಿಸುತ್ತದೆ. ನಿಂತ ನಕ್ಷತ್ರಗಳೆಲ್ಲ ನಿಂತಲ್ಲೇ ಇರುತ್ತವೆ. ಯಾವುದಾದರೂ ಸರಿದಿದ್ದರೆ ಅದೊಂದು ಮಾತ್ರ ಆಚೆ ಈಚೆ ಕುಣಿಯುತ್ತದೆ. ಸಾವಿರಾರು ಚುಕ್ಕೆಗಳ ನಡುವೆ ಕುಣಿಯುವ ಒಂದೇ ಒಂದು ಚುಕ್ಕೆ! 1983ರ ಫೆಬ್ರವರಿಯಲ್ಲಿ ಮಿಥುನ ರಾಶಿಯ ಹತ್ತಿರ, ಹಾಲುಹಾದಿಯ ದಟ್ಟಣೆಯೊಳಗೆ ನನಗೆ ಅಂಥದೊಂದು ಸಿಕ್ಕಿತು. ತೀರಾ ಮಂಕು, ಆದರೆ ಕುಣಿತ ಮಾತ್ರ ಜೋರು. ನನ್ನ ಎದೆಯೂ ಅದರ ಜೊತೆ ಕುಣಿಯಿತು ಅಂದರೆ ಸುಳ್ಳಲ್ಲ. ಹಸಿರು ಬಾಣ ಎಳೆದೆ.

ಮಂಕಾದ, ಆದರೆ ವೇಗವಾಗಿ ಸರಿಯುವ ನಕ್ಷತ್ರ ಸಿಕ್ಕರೆ ಅದನ್ನು ಯಾವ ಗುಂಪಿಗೆ ಸೇರಿಸಬೇಕು ಅನ್ನುವುದೇ ದೊಡ್ಡ ಪ್ರಶ್ನೆ. ಮೂಗಿನ ಮುಂದೆ ಹಾರುವ ನೊಣ ಸರ್ರನೆ ಹೋದಂತೆ ಕಾಣುತ್ತದೆ, ಮೇಲೆ ಹೋಗುವ ವಿಮಾನ ತೆವಳಿದಂತೆ ಕಾಣುತ್ತದೆ. ಆದ್ದರಿಂದ ವೇಗವಾಗಿ ಸರಿಯುವುದು ಸಾಮಾನ್ಯವಾಗಿ ನಮಗೆ ಹತ್ತಿರದ್ದು. ಹತ್ತಿರವಿದ್ದೂ ಮಂಕಾಗಿದೆ ಅಂದರೆ ಅದು ಸಣ್ಣದು. ಸಣ್ಣದರಲ್ಲೂ ಎರಡು ಜಾತಿ: ಸಣ್ಣ ಉರಿಯ ಕೆಂಪು ಕುಬ್ಜ, ಇಲ್ಲವೇ ಉರಿದು ಮುಗಿದು ಬಿಸಿ ಬೂದಿಯ ಉಂಡೆಯಂತೆ ಉಳಿದ ಶ್ವೇತ ಕುಬ್ಜ. ಯಾವುದು ಅಂತ ತಿಳಿಯಲು ಅದರ ಬೆಳಕನ್ನು ಕಾಮನಬಿಲ್ಲಿನ ಹಾಗೆ ಬಿಡಿಸಿ, ಅದರೊಳಗಿನ ಕಪ್ಪು ಗೆರೆಗಳನ್ನು ಓದುತ್ತಾರೆ. ನನ್ನ ನಕ್ಷತ್ರದ ಬೆಳಕು ನೀಲಿ ಬಿಳುಪಾಗಿತ್ತು, ಅದರಲ್ಲಿ ಒಂದು ಗೆರೆಯೂ ಇರಲಿಲ್ಲ. ಗೆರೆಯೇ ಇಲ್ಲದ ಶ್ವೇತ ಕುಬ್ಜಗಳೂ ಇವೆ, ಅವಕ್ಕೆ ಬೇರೆಯೇ ಒಂದು ಗೂಡು ಇದೆ. ಡಾಕ್ಟರ್ ಮೃತ್ಯುಂಜಯ ಅದನ್ನು ಆ ಗೂಡಿಗೆ ಹಾಕಿ ಕೈ ತೊಳೆದುಕೊಂಡರು. ಆಗಿನ್ನೂ ಅವರಿಗೆ ಮೂವತ್ತೆಂಟು ವರ್ಷ, ನಿರ್ದೇಶಕರಾಗಿ ಒಂದೇ ವರ್ಷ.

ಆದರೆ ನಾನು ಮೂರು ಪ್ಲೇಟು ಅಳೆದಿದ್ದೆ: 1961, 1972, 1983. ಮೊದಲ ಹನ್ನೊಂದು ವರ್ಷದಲ್ಲಿ ಅದು ಅಳತೆಯ ಯಂತ್ರದ ಪಟ್ಟಿಯಲ್ಲಿ ನಲವತ್ತೊಂದು ಗೆರೆಯಷ್ಟು ಸರಿದಿತ್ತು. ಮುಂದಿನ ಹನ್ನೊಂದು ವರ್ಷದಲ್ಲಿ ಬರೀ ಇಪ್ಪತ್ತಾರು. ಒಂಬತ್ತು ಸಲ ಅಳೆದೆ. ಒಂಬತ್ತು ಸಲವೂ ಅಷ್ಟೇ.

ಅವರ ಕೋಣೆಗೆ ಹೋಗಿ ಹೇಳಿದೆ. "ಸಾರ್, ಇದು ನಿಧಾನ ಆಗ್ತಾ ಇದೆ."

ಅವರು ಚೀಟಿ ನೋಡಿ ನಕ್ಕರು. "ಸರ್ವಮಂಗಳ, ನಕ್ಷತ್ರ ನಿಧಾನ ಆಗಲ್ಲಮ್ಮ. ಸಾವಿರ ವರ್ಷ ಬಿಟ್ಟು ನೋಡಿದರೂ ಅದೇ ವೇಗ. ನಿಮ್ಮ ಕಣ್ಣು ನಿಧಾನ ಆಗಿರಬೇಕು."

"ಒಂಬತ್ತು ಸಲ ಅಳೆದಿದೀನಿ ಸಾರ್. ನೀವೇ ಒಂದ್ಸಲ ನೋಡಿ."

"ಅರವತ್ತೊಂದರ ಪ್ಲೇಟು ಹಳೇದು. ಅದನ್ನ ಬಿಟ್ಟುಬಿಡಿ. ಎರಡು ಪ್ಲೇಟು ಸಾಕು, ಲೆಕ್ಕ ನೇರವಾಗಿ ಬರುತ್ತೆ."

ಎರಡೇ ಬಿಂದು ಇಟ್ಟುಕೊಂಡರೆ ಯಾವ ಗೆರೆಯಾದರೂ ನೇರವಾಗಿಯೇ ಬರುತ್ತದೆ. ಇದು ಎಸ್ಸೆಸ್ಸೆಲ್ಸಿ ಮಕ್ಕಳಿಗೂ ಗೊತ್ತು. ಅವರಿಗೆ ಗೊತ್ತಿರಲಿಲ್ಲವೆ? ಗೊತ್ತಿತ್ತು. ಆದರೆ ಅವರಿಗೆ ಆ ತಿಂಗಳೇ ಲೇಖನ ಕಳಿಸಬೇಕಿತ್ತು.

ಅವತ್ತು ಮಧ್ಯಾಹ್ನ ಬೆಟ್ಟದ ಕೆಳಗಿನ ಕ್ವಾರ್ಟರ್ಸಿಗೆ ಬಂದು ಸೊಪ್ಪು ಬಿಡಿಸುತ್ತಾ, ನಡೆದದ್ದನ್ನು ಹೇಳಿಕೊಂಡು ಕಣ್ಣೀರು ಹಾಕಿದೆ. ನನ್ನ ಗಂಡ ತಿಪ್ಪೇಸ್ವಾಮಿ ವೀಕ್ಷಣಾಲಯದ ಜೀಪಿನ ಡ್ರೈವರ್. ಬೆಟ್ಟದ ಹದಿನಾಲ್ಕು ತಿರುವುಗಳನ್ನು ದಿನಕ್ಕೆ ಆರು ಸಲ ಹತ್ತಿ ಇಳಿಯುವ ಮನುಷ್ಯ. ಊಟದ ತಟ್ಟೆ ಪಕ್ಕಕ್ಕೆ ಸರಿಸಿ ಕೇಳಿದರು.

"ಎಷ್ಟಂದೆ? ಮೊದಲು ನಲವತ್ತೊಂದು, ಆಮೇಲೆ ಇಪ್ಪತ್ತಾರಾ?"

"ಹೂಂ. ಹನ್ನೊಂದೇ ವರ್ಷಕ್ಕೆ."

"ಮಂಗಳ, ಅದು ಬ್ರೇಕ್ ಹಾಕ್ತಿರೋ ಗಾಡಿ ಕಣೆ. ಏಳನೇ ತಿರುವಲ್ಲಿ ನಾನು ಮೆಲ್ಲಗೆ ಬ್ರೇಕ್ ಒತ್ತಿದರೆ ಹಿಂಗೇ ಆಗೋದು. ಸುಮ್ಸುಮ್ನೆ ಯಾವುದೂ ಅಷ್ಟು ನೀಟಾಗಿ ನಿಧಾನ ಆಗಲ್ಲ. ಯಾರೋ ಓಡಿಸ್ತಾ ಅವ್ರೆ."

ನನ್ನ ಕೈಯಲ್ಲಿದ್ದ ಸೊಪ್ಪು ಅಲ್ಲೇ ಉಳಿಯಿತು. ನಲವತ್ತೊಂದರಲ್ಲಿ ಹದಿನೈದು ಹೋದರೆ ಇಪ್ಪತ್ತಾರು. ಇಪ್ಪತ್ತಾರರಲ್ಲಿ ಹದಿನೈದು ಹೋದರೆ ಹನ್ನೊಂದು. ಮುಂದಿನ ಹನ್ನೊಂದು ವರ್ಷಕ್ಕೆ ಬರೀ ಹನ್ನೊಂದು ಗೆರೆ, ಆಮೇಲೆ ಎರಡು ಎರಡೂವರೆ ವರ್ಷಕ್ಕೆ ಅದು ನಿಲ್ಲಬೇಕು. 1996ರಲ್ಲಿ. ಇನ್ನೊಂದು ವಿಷಯವೂ ಹೊಳೆಯಿತು. ಬೆಳಕು ಬಿಡಿಸುವ ಯಂತ್ರವನ್ನು ಪರೀಕ್ಷೆ ಮಾಡಲು ನಾವು ಪ್ರತಿ ಸಲ ಮೊದಲು ಒಂದು ವಿದ್ಯುತ್ ಬಲ್ಬಿನ ಬೆಳಕನ್ನು ಬಿಡಿಸಿ ನೋಡುತ್ತಿದ್ದೆವು. ಬಲ್ಬಿನ ಬೆಳಕಿನಲ್ಲಿ ಒಂದೂ ಗೆರೆ ಇರುವುದಿಲ್ಲ.

ಮಾರನೆಯ ದಿನ ಬಾಯಿ ಮುಚ್ಚಿಕೊಂಡು ಇರಬಹುದಿತ್ತು. ಇರಲಿಲ್ಲ. ಹೋಗಿ ಹೇಳಿದೆ. "ಸಾರ್, ಅದು ನಕ್ಷತ್ರ ಅಲ್ಲ. ದೀಪ. ಯಾರೋ ಬರ್ತಾ ಇದಾರೆ, ಬ್ರೇಕ್ ಹಾಕ್ತಾ ಇದಾರೆ."

"ಯಾರು ಹೇಳಿದ್ದು?"

"ನಮ್ಮನೆಯವರು."

ಆ ನಗು ಬೆಟ್ಟದ ಮೇಲೆಲ್ಲ ಹರಡಿತು. 'ಡ್ರೈವರ್ ಸಿದ್ಧಾಂತ' ಅಂತ ಹೆಸರಿಟ್ಟರು. ನನ್ನ ಗಂಡ ಜೀಪು ತಂದರೆ ಸಾಕು, "ಏನ್ರೀ ತಿಪ್ಪೇಸ್ವಾಮಿ, ಶನಿಗ್ರಹದ ಗೇರು ಸರಿಯಾಗಿದೆಯಾ?" ಅನ್ನುವರು. ಅವರು ತಲೆ ತಗ್ಗಿಸಿ ಸ್ಟೇರಿಂಗ್ ಒರೆಸುವರು. ಅದನ್ನು ನೋಡಿದಾಗ ನನ್ನ ಹೊಟ್ಟೆಯಲ್ಲಿ ಬೆಂಕಿ ಬಿತ್ತು. ಅದು ಆರಲೇ ಇಲ್ಲ.

ಒಂದು ವಾರಕ್ಕೆ ನನ್ನ ಸರ್ವೀಸ್ ರಿಜಿಸ್ಟರಿನಲ್ಲಿ ಡಾಕ್ಟರ್ ಮೃತ್ಯುಂಜಯ ತಮ್ಮ ಕೈಯಾರೆ ಬರೆದರು: 'ದೃಷ್ಟಿದೋಷದಿಂದ ಸೂಕ್ಷ್ಮ ಅಳತೆಗೆ ಅನರ್ಹರು.' ಯಾವ ಕಣ್ಣಿನ ಡಾಕ್ಟರೂ ನನ್ನನ್ನು ನೋಡಿರಲಿಲ್ಲ. ಕ್ಯಾಂಟೀನಿಗೆ ಹಾಕಿದರು, ಜೊತೆಗೆ ಪ್ಲೇಟುಗಳ ಉಗ್ರಾಣದ ಧೂಳು ಹೊಡೆಯುವ ಕೆಲಸ. ಹೋಗುವ ಮುಂಚೆ ಕೊನೆಯ ಸಲ ಆ ಪ್ಲೇಟನ್ನು ತೆಗೆದು ನೋಡಿದೆ. ನನ್ನ ಹಸಿರು ಬಾಣ ಇರಲಿಲ್ಲ. ಸ್ಪಿರಿಟ್ ಹಚ್ಚಿ ಒರೆಸಿ, ಅದರ ಜಾಗದಲ್ಲಿ ಕಪ್ಪು ಬಾಣ ಎಳೆದಿದ್ದರು. ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರೆ ಮಾತ್ರ ಹಸಿರಿನ ನೆರಳು ಕಾಣುತ್ತಿತ್ತು.

ಲೇಖನ ಬಂತು, ಹೆಸರು ಬಂತು. 'ಮೃತ್ಯುಂಜಯ ನಕ್ಷತ್ರ' ಅಂತ ಪಟ್ಟಿಗೂ ಸೇರಿತು. ಹಾರ ತುರಾಯಿ ಎಲ್ಲ ಆಯಿತು. ಸನ್ಮಾನದ ದಿನ ನಾನೇ ಉಪ್ಪಿಟ್ಟು ಕೇಸರಿಬಾತು ಮಾಡಿದ್ದು.

ಆಮೇಲೆ ಐದು ವರ್ಷಕ್ಕೆ ಹೊರದೇಶದ ದೊಡ್ಡ ದೂರದರ್ಶಕದವರು ಅದನ್ನು ನೋಡಲು ಹೋದರು. ಇವರು ಹೇಳಿದ ಜಾಗದಲ್ಲಿ ಏನೂ ಇರಲಿಲ್ಲ. ಇರುವುದಾದರೂ ಹೇಗೆ? ಇವರು ನೇರ ಗೆರೆ ಎಳೆದು ಲೆಕ್ಕ ಹಾಕಿದ್ದರು, ಅದು ಹಿಂದೆಯೇ ಉಳಿದಿತ್ತು. ಹತ್ತಾರು ಮಂಕು ಚುಕ್ಕೆಗಳ ದಟ್ಟಣೆಯಲ್ಲಿ ಯಾವುದು ಅಂತ ಹುಡುಕುವುದು? 'ಬಹುಶಃ ಪ್ಲೇಟಿನ ದೋಷ' ಅಂತ ಅವರು ಎರಡು ಸಾಲು ಬರೆದು ಮುಗಿಸಿದರು. ನನಗೆ ದೃಷ್ಟಿದೋಷ, ಡಾಕ್ಟರ್ ಮೃತ್ಯುಂಜಯರಿಗೆ ಪ್ಲೇಟಿನ ದೋಷ. ಆ ಎರಡು ಸಾಲು ಓದಿದ ದಿನ ಮನೆಗೆ ಹೋಗಿ ಹೋಳಿಗೆ ಮಾಡಿದೆ.

ಅಲ್ಲಿಂದ ಶುರುವಾಯಿತು ಅವರ ಹುಡುಕಾಟ. ಉಳಿದ ಕೆಲಸ ಎಲ್ಲ ಬಿಟ್ಟರು. ಪ್ರತಿ ಚಳಿಗಾಲ ಅದೇ ಮೂಲೆ. ಬೆಳಿಗ್ಗೆ ಆರೂವರೆಗೆ ಕೆಂಪು ಕಣ್ಣು, ಮಂಕಿ ಕ್ಯಾಪು ಹಾಕಿಕೊಂಡು ಕ್ಯಾಂಟೀನಿಗೆ ಬರುವರು. ನಾನು ಲೋಟ ಇಟ್ಟು, ತುಂಬಾ ವಿನಯದಿಂದ ಕೇಳುತ್ತಿದ್ದೆ.

"ಸಿಕ್ತಾ ಸಾರ್?"

"ಇಲ್ಲಮ್ಮ."

"ಸಿಗುತ್ತೆ ಬಿಡಿ ಸಾರ್. ಎಲ್ಲಿ ಹೋಗುತ್ತೆ?"

ಎಲ್ಲಿದೆ ಅಂತ ನನಗೆ ಗೊತ್ತಿತ್ತು. ಅವರು ನನ್ನನ್ನು ಕಸ ಹೊಡೆಯಲು ಹಾಕಿದ್ದರಲ್ಲ, ಉಗ್ರಾಣದ ಬೀಗದ ಕೈ ನನ್ನ ಸೊಂಟದಲ್ಲೇ ಇತ್ತು. ಇನ್ಯಾವುದೋ ಅಧ್ಯಯನಕ್ಕೆ ಅಂತ ಪ್ರತಿ ಜನವರಿಯಲ್ಲಿ ಆಕಾಶದ ಆ ಭಾಗದ ಒಂದು ಪ್ಲೇಟು ತೆಗೆಯುವ ವಾಡಿಕೆ ನಡೆದುಕೊಂಡು ಬಂದಿತ್ತು. ಸಂಕ್ರಾಂತಿ ಕಳೆದ ಮೇಲೆ, ಮಧ್ಯಾಹ್ನ ಎಲ್ಲರೂ ಮಲಗಿರುವಾಗ, ನಾನು ಆ ಹೊಸ ಪ್ಲೇಟನ್ನು ಕಿಟಕಿಗೆ ಹಿಡಿದು ನನ್ನ ಹಳೆಯ ಭೂತಗನ್ನಡಿಯಲ್ಲಿ ಅಳೆಯುತ್ತಿದ್ದೆ. ಒಂದು ನೋಟ್‌ಬುಕ್ಕಿನಲ್ಲಿ ಹಸಿರು ಶಾಯಿಯಲ್ಲಿ ಬರೆದಿಡುತ್ತಿದ್ದೆ. 1994ರಲ್ಲಿ ಲೆಕ್ಕ ಹಾಕಿದಾಗ ಎಷ್ಟು ಬಂತು ಗೊತ್ತೆ? ಹನ್ನೊಂದು. ನೆಟ್ಟಗೆ ಹನ್ನೊಂದು.

1996ರಲ್ಲಿ ಅದು ನಿಂತಿತು. ನಿಂತ ಮೇಲೆ ಅದನ್ನು ಹುಡುಕುವುದು ಯಾರಿಗೂ ಸಾಧ್ಯವಿರಲಿಲ್ಲ. ಯಾಕೆಂದರೆ ಮಿಟುಕು ಯಂತ್ರ ತೋರಿಸುವುದು ಸರಿಯುವುದನ್ನು ಮಾತ್ರ. ನಿಂತದ್ದು ಸಾವಿರದಲ್ಲಿ ಒಂದು ಚುಕ್ಕೆ, ಅಷ್ಟೇ. ಡಾಕ್ಟರ್ ಮೃತ್ಯುಂಜಯ ಓಡುವುದನ್ನು ಹುಡುಕುತ್ತಿದ್ದರು. ಅದು ಬಂದು ನಿಂತು ನಮ್ಮ ಕಡೆ ನೋಡುತ್ತಿತ್ತು.

ನೋಡುತ್ತಿತ್ತು ಅಂತ ಸುಮ್ಮನೆ ಹೇಳುತ್ತಿಲ್ಲ. 1997ರ ಪ್ಲೇಟಿನಲ್ಲಿ ಅದು ಇತ್ತು. 98ರಲ್ಲಿ ಆ ಜಾಗ ಖಾಲಿ. 99ರಲ್ಲಿ ಮತ್ತೆ ಇತ್ತು, 2000ದಲ್ಲಿ ಇಲ್ಲ. ವರ್ಷ ಬಿಟ್ಟು ವರ್ಷ. ನನ್ನ ಗಂಡನಿಗೆ ಹೇಳಿದೆ.

"ಎದುರು ಗಾಡಿಗೆ ಲೈಟು ಹಾಕಿ ಆರಿಸಿ ಮಾಡ್ತೀವಲ್ಲ, ಹಂಗೆ. ಕಂಡ್ವಾ ಅಂತ ಕೇಳ್ತಾ ಅವ್ರೆ," ಅಂದರು. ಆಮೇಲೆ, "ಹೇಳಿಬಿಡೆ. ನಿನ್ನ ಜಗಳ ಆ ಮನುಷ್ಯನ ಹತ್ರ. ಅಲ್ಲಿರೋರು ನಿಂಗೇನು ಮಾಡಿದ್ರು?"

"ನಾನು ಹೇಳಿದ್ರೆ ಯಾರು ಕೇಳ್ತಾರೆ ರೀ? ರಿಜಿಸ್ಟರಲ್ಲಿ ನನ್ನ ಕಣ್ಣು ಕುರುಡು. ಮತ್ತೆ ನಿಮ್ಮನ್ನ ನೋಡಿ ನಗ್ತಾರೆ."

"ನಗಲಿ ಬಿಡು. ನಂಗೇನು ಸವೆದು ಹೋಗುತ್ತಾ?"

"ನಂಗೆ ಸವೆಯುತ್ತೆ."

ಅದು ನಿಜವೂ ಹೌದು, ನೆಪವೂ ಹೌದು. ಬೇರೆ ಊರಿನ ವಿಜ್ಞಾನಿಗಳಿಗೆ ಒಂದು ಕಾಗದ ಬರೆಯಬಹುದಿತ್ತು. ಬರೆದಿದ್ದರೆ ಮೃತ್ಯುಂಜಯರ ಕಳೆದುಹೋದ ನಕ್ಷತ್ರ ಸಿಕ್ಕಿತು ಅಂತಲೇ ಸುದ್ದಿಯಾಗುತ್ತಿತ್ತು. ಅವರಿಗೆ ಮತ್ತೆ ಹಾರ, ನನ್ನ ಕೈಯಲ್ಲಿ ಮತ್ತೆ ಕೇಸರಿಬಾತು. ಬೇಡ. ಅವರು ಬಂದು ಕೇಳಲಿ ಅಂತ ಕಾದೆ.

ಬಂದರು. 2005ರ ಜೂನ್‌ನಲ್ಲಿ, ನಿವೃತ್ತಿಗೆ ಮೂರು ದಿನ ಇರುವಾಗ. ಕ್ಯಾಂಟೀನಿನಲ್ಲಿ ನಾನೊಬ್ಬಳೇ ಇದ್ದೆ. ಲೋಟ ಮುಟ್ಟದೆ ಕೂತಿದ್ದರು. ಇಪ್ಪತ್ತೆರಡು ವರ್ಷದಲ್ಲಿ ಮನುಷ್ಯ ಅರ್ಧ ಆಗಿದ್ದರು.

"ಸರ್ವಮಂಗಳ, ಅವತ್ತು ನೀವೊಂದು ಚೀಟಿ ತಂದಿದ್ದಿರಿ. ಅರವತ್ತೊಂದರ ಪ್ಲೇಟಿನ ಅಳತೆ. ಆ ಪ್ಲೇಟು ಆಮೇಲೆ ಒಡೆದುಹೋಯ್ತು. ಎಷ್ಟಿತ್ತು ಅಂತ ನೆನಪಿದೆಯಾ?"

ನೆನಪೆ? ನೋಟ್‌ಬುಕ್ಕು ಅವರ ಕೈಗೆ ಎಟುಕುವಷ್ಟು ಹತ್ತಿರ, ಕಾಫಿಪುಡಿ ಡಬ್ಬಿಯ ಹಿಂದೆಯೇ ಇತ್ತು. ಕ್ಷಮಿಸಿ ಅನ್ನುತ್ತಾರೇನೋ ಅಂತ ಒಂದು ನಿಮಿಷ ನೋಡಿದೆ. ಆ ಮಾತು ಬಂದಿದ್ದರೆ ಕೊಟ್ಟುಬಿಡುತ್ತಿದ್ದೆ, ದೇವರಾಣೆಗೂ ಕೊಟ್ಟುಬಿಡುತ್ತಿದ್ದೆ. ಅವರು ಅಂಕಿಯನ್ನಷ್ಟೇ ಕಾಯುತ್ತಿದ್ದರು.

"ನನ್ನ ಅಳತೆ ತಗೊಂಡು ಏನು ಮಾಡ್ತೀರಿ ಸಾರ್," ಅಂದೆ. "ನನಗೆ ಕಣ್ಣು ಕಾಣಲ್ಲ. ರಿಜಿಸ್ಟರಲ್ಲಿ ಬರೆದಿದೆಯಲ್ಲ, ನಿಮ್ಮದೇ ಅಕ್ಷರ."

ಅವರ ಮುಖದ ಬಣ್ಣ ಇಳಿಯಿತು. ಎದ್ದು ಹೋದರು. ಕಾಫಿ ಹಾಗೇ ಇತ್ತು, ನಾನೇ ಕುಡಿದೆ. ಅಷ್ಟು ರುಚಿಯಾದ ಕಾಫಿ ನಾನು ಜೀವನದಲ್ಲಿ ಕುಡಿದಿಲ್ಲ.

ಆ ವರ್ಷ ಜನವರಿಯಲ್ಲಿ ದೀಪ ಇತ್ತು. 2006ರಲ್ಲಿ ಇರಲಿಲ್ಲ, ಇರಬಾರದಿತ್ತು ಕೂಡ. 2007ರ ಸಂಕ್ರಾಂತಿ ಮುಗಿದ ಮೇಲೆ ಪ್ಲೇಟನ್ನು ಕಿಟಕಿಗೆ ಹಿಡಿದೆ. ಆ ಜಾಗ ಖಾಲಿ ಇತ್ತು. ಗಾಜು ಒರೆಸಿದೆ, ಭೂತಗನ್ನಡಿ ಒರೆಸಿದೆ, ಕಣ್ಣು ಒರೆಸಿಕೊಂಡೆ. ಒಂಬತ್ತು ಸಲ ನೋಡಿದೆ. 2008ರಲ್ಲೂ ಇಲ್ಲ, 2009ರಲ್ಲೂ ಇಲ್ಲ. ಅಷ್ಟರಲ್ಲಿ ಪ್ಲೇಟುಗಳ ದಾಸ್ತಾನೇ ಮುಗಿಯಿತು.

ಐದು ಸಲ ದೀಪ ಹಚ್ಚಿದ್ದರು. ಒಂದು ದಿಕ್ಕಿನಿಂದಲೂ ಉತ್ತರ ಬರಲಿಲ್ಲ. ಆ ಬೆಳಕನ್ನು ನೋಡಿದ್ದು ಇಡೀ ಭೂಮಿಯಲ್ಲಿ ಒಬ್ಬಳು ಕ್ಯಾಂಟೀನಿನ ಹೆಂಗಸು, ಅವಳು ಬಾಯಿ ಬಿಡಲಿಲ್ಲ. ಬಂದವರಿಗೆಲ್ಲ ಕಾಫಿ ಕೊಟ್ಟವಳು ನಾನು. ಅಷ್ಟು ದೂರದಿಂದ ಬಂದವರನ್ನು ಬಾಗಿಲಲ್ಲೇ ನಿಲ್ಲಿಸಿ ಕಳಿಸಿದೆ. ಗಂಡನಿಗೆ ಹೇಳಿದಾಗ ಅವರು ಬೈಯಲಿಲ್ಲ. "ಪಾಪ, ತಿರುಗಿಸ್ಕೊಂಡು ಹೋದ್ರೇನೋ," ಅಂದರು, ಎದ್ದು ಹೋಗಿ ಜೀಪು ತೊಳೆದರು. ಬೈದಿದ್ದರೆ ಚೆನ್ನಾಗಿತ್ತು.

ನಾನೂ ನಿವೃತ್ತಳಾದೆ. ಇದನ್ನೆಲ್ಲ ನನ್ನ ಜೊತೆಗೇ ಸುಡಲಿ ಅಂದುಕೊಂಡಿದ್ದೆ. ಆದರೆ ಹೋದ ವರ್ಷ ಒಂದು ಪತ್ರಿಕೆಯಲ್ಲಿ ಡಾಕ್ಟರ್ ಮೃತ್ಯುಂಜಯರ ಸಂದರ್ಶನ ಬಂತು. ಮೈಸೂರಿನಲ್ಲಿದ್ದಾರೆ, ಎಂಬತ್ತರ ಹತ್ತಿರ. ಆ ಕಳೆದುಹೋದ ನಕ್ಷತ್ರದ ಬಗ್ಗೆ ಕೇಳಿದ್ದಕ್ಕೆ ಹೇಳಿದ್ದರು: 'ನಮ್ಮಲ್ಲಿ ಒಬ್ಬ ಸಹಾಯಕಿ ಇದ್ದಳು, ಪಾಪ, ದೃಷ್ಟಿ ಸರಿಯಿರಲಿಲ್ಲ. ಅವಳ ಅಳತೆ ನಂಬಿ ಕೆಟ್ಟೆ.'

ಪತ್ರಿಕೆ ಮಡಿಸಿಟ್ಟೆ. ಈಗ ಮನೆಯ ಕಾಫಿಪುಡಿ ಡಬ್ಬಿಯ ಹಿಂದೆ ಇಟ್ಟಿದ್ದ ನೋಟ್‌ಬುಕ್ಕು ತೆಗೆದೆ. ನಲವತ್ತೊಂದು, ಇಪ್ಪತ್ತಾರು, ಹನ್ನೊಂದು. ನಿಂತ ಜಾಗ, ನಿಂತ ವರ್ಷ, ಐದು ದೀಪ, ಆಮೇಲಿನ ಕತ್ತಲೆ. ಪ್ರತಿ ನಕ್ಷತ್ರಕ್ಕೂ 'ವರ್ಗ' ಅಂತ ಒಂದು ಅಂಕಣ ಇರುತ್ತದೆ. ನಾನು ಅದನ್ನು ಇಷ್ಟು ವರ್ಷ ಖಾಲಿ ಬಿಟ್ಟಿದ್ದೆ. ಈಗ ಅದರಲ್ಲಿ ಹಸಿರು ಶಾಯಿಯಲ್ಲಿ ಬರೆದೆ: 'ಅತಿಥಿ.' ಕೊನೆಯ ಪುಟದಲ್ಲಿ ಇಷ್ಟು ಬರೆದೆ: 'ಸಾರ್, ನೀವು ಹುಡುಕುತ್ತಿದ್ದಷ್ಟು ದಿನವೂ ಅದು ಇಲ್ಲೇ ಇತ್ತು. ನೀವು ಕಾಫಿ ಕುಡಿಯುತ್ತಿದ್ದಾಗಲೂ ನನಗೆ ಗೊತ್ತಿತ್ತು. ಈಗ ಇಲ್ಲ.' ಇದನ್ನು ಓದಿ ಆ ಮನುಷ್ಯನ ಎದೆ ಒಡೆಯಲಿ ಅಂತಲೇ ಕಳಿಸಿದ್ದು. ರಿಜಿಸ್ಟರ್ ಪೋಸ್ಟು, ತಲುಪಿದ್ದಕ್ಕೆ ಸಹಿ ಹಾಕಿ ಬರುವ ಕಾರ್ಡಿನ ಸಮೇತ.

ಮೂರು ವಾರ ಕಾರ್ಡು ಬರಲಿಲ್ಲ. ದಿನಾ ಗೇಟಿನ ಹತ್ತಿರ ನಿಂತು ಕಾದೆ. ಬಂದ ದಿನ ನನ್ನ ಗಂಡನೇ ತಂದು ಕೈಗೆ ಕೊಟ್ಟರು. ಕಾರ್ಡಿನಲ್ಲಿ ಸಹಿಗೆ ಒಂದು ಬೆರಳಿನಷ್ಟು ಜಾಗ ಮಾತ್ರ ಇರುತ್ತದೆ. ಸಹಿಯ ಕೆಳಗೆ, ಅಂಚಿನಲ್ಲಿ, ನಡುಗುವ ಅಕ್ಷರದಲ್ಲಿ ಅವರು ಬರೆದಿದ್ದರು. ಆ ಅಕ್ಷರ ನನಗೆ ಚೆನ್ನಾಗಿ ಗೊತ್ತು. ಆದರೆ ಶಾಯಿ ಕಪ್ಪಲ್ಲ. ಈ ವಯಸ್ಸಿನಲ್ಲಿ ಎಲ್ಲಿಂದ ಹುಡುಕಿ ತರಿಸಿದರೋ, ಹಸಿರು.

'ಲೆಕ್ಕವನ್ನೆಲ್ಲ ಮತ್ತೆ ಹಾಕಿ ನೋಡಿದೆ. ಅಳತೆ ಸರಿಯಾಗಿದೆ. ಕಣ್ಣಿಗೆ ದೋಷವಿಲ್ಲ.'

"ಏನು ಬರೆದವ್ರೆ?" ಅಂತ ನನ್ನ ಗಂಡ ಕೇಳಿದರು.

 ಕಾರ್ಡನ್ನು ಅವರ ಕೈಗೇ ಕೊಟ್ಟೆ. ಹಾಳಾದ ಮನುಷ್ಯ! ಇದೇ ಮೂರು ಸಾಲನ್ನು ಅವತ್ತು ಬರೆಯಬಾರದಿತ್ತೆ? ಬರೆದಿದ್ದರೆ ಆ ದೀಪ ಮೊದಲ ಸಲ ಹತ್ತಿದಾಗಲೇ ನಾವಿಬ್ಬರೂ ಒಂದೇ ಕಿಟಕಿಯಲ್ಲಿ ನಿಂತು ನೋಡುತ್ತಿದ್ದೆವು. ಅವರಿಗೆ ಬರೆಯಲು ಬಿಡದಂತೆ ಡಬ್ಬಿಯ ಹಿಂದೆ ನೋಟ್‌ಬುಕ್ಕು ಬಚ್ಚಿಟ್ಟವಳು ಯಾರು ಅಂತ ನನ್ನ ಗಂಡ ಕೇಳಲಿಲ್ಲ. ಕಾರ್ಡನ್ನು ಎರಡು ಸಲ ಓದಿ, ಒಲೆಯ ಮೇಲೆ ಹಾಲಿಟ್ಟು, "ಮೂರು ಲೋಟ ಕಾಫಿ ಮಾಡ್ತೀನಿ ಕಣೆ," ಅಂದರು. ಮೂರನೆಯದು ಯಾರಿಗೆ ಅಂತ ನಾನೂ ಕೇಳಲಿಲ್ಲ.